ನಮ್ಮ ತಂಡಗಳಿಗೆ ಸ್ಟಾಪರ್ ಯಾಕೆ ಸಿಗ್ತಿಲ್ಲ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮ ಮಕ್ಕಳು ಅಸರ್ ಆದ ಮೇಲೆ ಚೆಂಡು ಹಿಡಿದು ಮೈದಾನಕ್ಕೆ ಇಳಿದರೆ ಮೊದಲ ಹತ್ತು ನಿಮಿಷ ಆಟ ನಡೆಯುವುದಿಲ್ಲ, ಜಗಳ ನಡೆಯುತ್ತದೆ. "ನಾನು ಫಾರ್ವರ್ಡ್." "ಇಲ್ಲ, ನಿನ್ನೆ ನೀನೇ ಇದ್ದಿ, ಇವತ್ತು ನಾನು." ಕೊನೆಗೆ ಯಾರು ಸ್ವಲ್ಪ ದಪ್ಪ ಇದ್ದಾನೋ, ಯಾರು ಊರಿಗೆ ಹೊಸಬನೋ, ಯಾರು ವಾದ ಮಾಡಲಾರನೋ ಅವನನ್ನು ಹಿಂದಕ್ಕೆ ತಳ್ಳುತ್ತಾರೆ. "ನೀನು ಬ್ಯಾಕ್ ನಿಲ್ಲು ಮಾರಾಯ" ಅನ್ನುವುದು ನಮ್ಮಲ್ಲಿ ಒಂದು ರೀತಿ ಶಿಕ್ಷೆ ಕೊಟ್ಟ ಹಾಗೆ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಬೆನ್ನ ಮೇಲೆ 7, ಇಲ್ಲವಾದರೆ 10 ಇರುವ ಜೆರ್ಸಿಯನ್ನು ತಂದು ಕೊಟ್ಟವರು ನಾವೇ. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಸ್ಟಾಪರ್‌ನ ಹೆಸರಿರುವ ಜೆರ್ಸಿ ಬಂದದ್ದನ್ನು ನಾವಂತೂ ನೋಡಿಲ್ಲ. 2022ರ ವಿಶ್ವಕಪ್ ಸಮಯದಲ್ಲಿ ಕೋಝಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಕಟೌಟ್ ನಿಂತದ್ದನ್ನು ಇಡೀ ಜಗತ್ತು ನೋಡಿತು. ಮೂವರೂ ಗೋಲು ಹೊಡೆಯುವವರು. ಗೋಲು ತಡೆಯುವ ಒಬ್ಬನೂ ಆ ನೀರಿನಲ್ಲಿ ನಿಲ್ಲಲಿಲ್ಲ. ಇನ್ನು ಹುಡುಗ ಸಂಜೆ ಕೆಸರು ಮೆತ್ತಿಕೊಂಡು ಮನೆಗೆ ಬಂದರೆ ಉಮ್ಮ ಕೇಳುವುದು, ಉಪ್ಪ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಗೋಲು ಹೊಡೆದೆ ಮೋನೆ?" ಸ್ಟಾಪರ್ ಆಗಿ ಆಡಿದ ಹುಡುಗ ಇದಕ್ಕೆ ಏನಂತ ಉತ್ತರ ಕೊಡಬೇಕು?

ಇದರ ಫಲ ನಮ್ಮ ಪಂದ್ಯಾಟಗಳಲ್ಲಿ ಕಾಣುತ್ತಿದೆ. ಹೊನಲು ಬೆಳಕಿನ ಪಂದ್ಯಾಟ ಬಂತೆಂದರೆ ಫಾರ್ವರ್ಡ್‌ಗೆ ಹನ್ನೆರಡು ಜನ ಇರುತ್ತಾರೆ. ಸ್ಟಾಪರ್‌ಗೆ ಮಾತ್ರ ಘಟ್ಟ ಇಳಿದು ಹುಡುಕಬೇಕು. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಇಳಿದು, ಮಂಗಳೂರು, ಕಾಸರಗೋಡು ಕಡೆಯಿಂದ ಒಬ್ಬ ಅತಿಥಿ ಆಟಗಾರನಿಗೆ ಹೋಗಿಬರುವ ಖರ್ಚು, ಊಟ, ಕೈಗೊಂದಿಷ್ಟು ಕೊಟ್ಟು ಕರೆತರುತ್ತೇವೆ. ಪಂದ್ಯ ಮುಗಿದ ಮೇಲೆ ಕಪ್ ಹಂಚುವಾಗ ನೋಡಿ: ಉತ್ತಮ ಗೋಲಿಗೆ ಒಂದು, ಹೆಚ್ಚು ಗೋಲು ಹೊಡೆದವನಿಗೆ ಒಂದು, ಸರಣಿ ಶ್ರೇಷ್ಠನಿಗೆ ಎಲ್ಲಕ್ಕಿಂತ ಎತ್ತರದ್ದು ಒಂದು. ದುಡ್ಡು ಕೊಟ್ಟು ತಂದ ಸ್ಟಾಪರ್‌ಗೂ ಕಪ್ ಇಲ್ಲ, ಊರಿನವನಿಗೂ ಇಲ್ಲ.

ಇಷ್ಟನ್ನೇ ಹೇಳುವುದಿದ್ದರೆ ನಾವು ಇಷ್ಟು ಜಾಗ ತೆಗೆದುಕೊಳ್ಳುತ್ತಿರಲಿಲ್ಲ. ಹೇಳಬೇಕಾದದ್ದು ಒಬ್ಬ ಹುಡುಗನ ವಿಷಯ. ಅದಕ್ಕೆ ಬರುವ ಮೊದಲು ಒಬ್ಬ ಪೋರ್ಚುಗೀಸನ ಕಥೆ ಹೇಳುತ್ತೇವೆ, ಸ್ವಲ್ಪ ತಾಳ್ಮೆ ಇರಲಿ.

ಪೋರ್ಚುಗೀಸರು ಅಂದರೆ ನಮ್ಮ ಕಡೆ ಪರಕೀಯರೇನಲ್ಲ. ನಾವು ದಿನಾ ಬಳಸುವ ಮೇಜು, ಚಾವಿ ಎಲ್ಲ ಅವರ ಭಾಷೆಯಿಂದ ಬಂದ ಮಾತುಗಳು. ಕರಾವಳಿಯಲ್ಲಿ ಕೋಟೆ ಕಟ್ಟಿ ಕೂತಿದ್ದ ಅವರನ್ನು ಬಸ್ರೂರು, ಹೊನ್ನಾವರ, ಮಂಗಳೂರಿನಿಂದ 1650ರ ದಶಕದಲ್ಲಿ ಎಬ್ಬಿಸಿದ್ದು ಇದೇ ನಮ್ಮ ನಗರದಲ್ಲಿ, ಅಂದಿನ ಬಿದನೂರಿನಲ್ಲಿ, ಕೂತು ಆಳಿದ ಕೆಳದಿಯ ಶಿವಪ್ಪ ನಾಯಕ. ಸಾಗರದವರಿಗೆ ಇಕ್ಕೇರಿ, ಹೊಸನಗರದವರಿಗೆ ನಗರದ ಕೋಟೆ, ತೀರ್ಥಹಳ್ಳಿಯವರಿಗೆ ಕವಲೇದುರ್ಗ. ಕೋಟೆ ಕಾಯುವುದು ಅಂದರೆ ಏನು ಅಂತ ಈ ಮೂರು ತಾಲೂಕಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಾವು ಹೇಳಹೊರಟದ್ದು ರಿಕಾರ್ಡೊ ಕರ್ವಾಲೊ ಬಗ್ಗೆ. ಈಗಿನ ಹುಡುಗರಿಗೆ ಪೆಪೆ ಗೊತ್ತು, ರೂಬೆನ್ ಡಿಯಾಸ್ ಗೊತ್ತು. ಕರ್ವಾಲೊ ಹೆಸರು ಹೇಳಿದರೆ "ಯಾರು ಕಾಕ ಅದು?" ಅನ್ನುತ್ತಾರೆ. 1978ರಲ್ಲಿ ಅಮರಾಂತೆ ಎಂಬ ಊರಿನಲ್ಲಿ ಹುಟ್ಟಿದವರು. ಎತ್ತರ ಆರಡಿಗೆ ಮುಟ್ಟಿಯೂ ಮುಟ್ಟದ ಹಾಗೆ. ಸ್ಟಾಪರ್ ಅಂದರೆ ಗೋಡೆಯ ಹಾಗಿರಬೇಕು ಅನ್ನುವವರ ಕಣ್ಣಿಗೆ ಬೀಳುವ ಮೈಯಲ್ಲ. ಪೋರ್ಟೊ ಕ್ಲಬ್ಬಿನ ಹುಡುಗನಾದರೂ ಆ ಕ್ಲಬ್ಬು ಅವರನ್ನು ಲೆಸಾ, ಸೆತೂಬಲ್, ಅಲ್ವೆರ್ಕಾ ಅಂತ ಒಂದಾದ ಮೇಲೊಂದು ಸಣ್ಣ ತಂಡಕ್ಕೆ ಸಾಲವಾಗಿ ಕೊಟ್ಟಿತು. ಸ್ವಂತ ಮನೆಯಲ್ಲಿ ಗಟ್ಟಿ ಜಾಗ ಸಿಗುವಾಗ ವಯಸ್ಸು 23 ಆಗಿತ್ತು. ನಮ್ಮಲ್ಲಿ 19ಕ್ಕೇ "ಇವನಿಂದ ಏನೂ ಆಗಲ್ಲ, ಅಂಗಡಿಗೆ ಕೂರಿಸಿ" ಎನ್ನುತ್ತೇವೆ.

ಜಾಗ ಸಿಕ್ಕ ಮೇಲೆ ನೋಡಿ. ತರಬೇತುದಾರ ಮೊರಿನ್ಯೊ ಬಂದರು. 2003ರಲ್ಲಿ ಪೋರ್ಟೊ ಯುಇಎಫ್‌ಎ ಕಪ್ ಗೆದ್ದಿತು. ಮರುವರ್ಷ ಮೇ ತಿಂಗಳಲ್ಲಿ ಮೊನಾಕೊವನ್ನು 3-0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್. ಅದೇ 2004ರ ಬೇಸಿಗೆಯಲ್ಲಿ ಯೂರೋ ಕಪ್ ಪೋರ್ಚುಗಲ್‌ನಲ್ಲೇ ನಡೆಯಿತು. ಮೊದಲ ಪಂದ್ಯದಲ್ಲಿ ಕರ್ವಾಲೊ ಬೆಂಚಿನಲ್ಲಿ, ತಂಡ ಗ್ರೀಸ್ ಎದುರು ಸೋತಿತು. ಎರಡನೆಯ ಪಂದ್ಯಕ್ಕೆ ಅವರನ್ನು ಇಳಿಸಿದರು, ಆಮೇಲೆ ತೆಗೆಯಲಿಲ್ಲ. ಫೈನಲ್‌ನಲ್ಲಿ ಮತ್ತೆ ಅದೇ ಗ್ರೀಸ್, ಮತ್ತೆ ಸೋಲು, 1-0. ಯುವಕ ರೊನಾಲ್ಡೊ ಅತ್ತದ್ದು ಎಲ್ಲರಿಗೂ ನೆನಪಿದೆ.

ಆಮೇಲೆ ಚೆಲ್ಸಿ. ಸುಮಾರು 2 ಕೋಟಿ ಪೌಂಡು ಕೊಟ್ಟು ಮೊರಿನ್ಯೊ ಅವರನ್ನು ಲಂಡನ್ನಿಗೆ ಕರೆದೊಯ್ದರು. 2004-05ರ ಪ್ರೀಮಿಯರ್ ಲೀಗ್‌ನಲ್ಲಿ 38 ಪಂದ್ಯ ಆಡಿ ಚೆಲ್ಸಿ ಬಿಟ್ಟುಕೊಟ್ಟದ್ದು 15 ಗೋಲು ಮಾತ್ರ. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಗೋಲಿನಲ್ಲಿ ಚೆಕ್, ಎದುರಿಗೆ ಮಕೆಲೆಲೆ, ಪಕ್ಕದಲ್ಲಿ ಜಾನ್ ಟೆರಿ. ಟೆರಿ ಮೈ ಕೊಟ್ಟು ತಡೆಯುವವರು, ಹೆಸರೂ ಫೋಟೊವೂ ಅವರದ್ದು. ಕರ್ವಾಲೊ ಹಾಗಲ್ಲ. ಎದುರಾಳಿ ಪಾಸ್ ಕೊಡುವ ಮೊದಲೇ ಅದು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡಿ ಅಲ್ಲಿ ಹೋಗಿ ನಿಂತಿರುತ್ತಿದ್ದರು. ಜಾರಿ ಬಿದ್ದು ಟ್ಯಾಕಲ್ ಮಾಡುವ ಸ್ಟಾಪರ್ ನೋಡುವವರಿಗೆ ಖುಷಿ ಕೊಡುತ್ತಾನೆ, ನಾವೂ ಚಪ್ಪಾಳೆ ಹೊಡೆಯುತ್ತೇವೆ. ಆದರೆ ಜಾರಬೇಕಾಗಿ ಬಂತು ಅಂದರೆ ಎಲ್ಲೋ ಒಂದು ಹೆಜ್ಜೆ ತಡವಾಗಿದೆ ಅಂತ ಅರ್ಥ. ಕರ್ವಾಲೊನ ಅಂಗಿಗೆ ಕೆಸರು ಕಡಿಮೆ. ಚೆಂಡು ಕಿತ್ತುಕೊಂಡ ಮೇಲೆ ಅದನ್ನು ಆಕಾಶಕ್ಕೆ ಒದೆಯುತ್ತಿರಲಿಲ್ಲ; ತಲೆಯೆತ್ತಿ ನೋಡಿ, ತಾನೇ ನಾಲ್ಕು ಹೆಜ್ಜೆ ಮುಂದೆ ತಂದು ನಮ್ಮವನ ಕಾಲಿಗೆ ಕೊಡುತ್ತಿದ್ದರು. ನಮ್ಮ ಮಳೆಗಾಲದ ಮೈದಾನದಲ್ಲಿ ಚೆಂಡು ಕೆಸರಲ್ಲಿ ಹೂತುಹೋಗುವುದರಿಂದ ಎಲ್ಲರೂ "ಹೊಡಿ, ದೂರ ಹೊಡಿ" ಅನ್ನುವುದು ಸರಿಯೇ. ಡಿಸೆಂಬರಿನಲ್ಲೂ ಹಾಗೇ ಹೊಡೆಯುತ್ತೇವಲ್ಲ, ಅದು ಯಾಕೆ ಅಂತ ನಮಗೆ ಅರ್ಥವಾಗಿಲ್ಲ.

ಚೆಲ್ಸಿಯಲ್ಲಿ ಆರು ವರ್ಷ, ಮೂರು ಲೀಗ್ ಪ್ರಶಸ್ತಿ. ಆಮೇಲೆ 2010ರಲ್ಲಿ ರಿಯಲ್ ಮ್ಯಾಡ್ರಿಡ್, 2012ರಲ್ಲಿ ಸ್ಪೇನಿನ ಲೀಗ್. ಬಳಿಕ ಮೂರು ವರ್ಷ ಮೊನಾಕೊ.

ಸ್ಟಾಪರ್‌ನ ಬದುಕು ಎಂಥದ್ದು ಅಂತ ತಿಳಿಯಬೇಕಾದರೆ 2006ರ ವಿಶ್ವಕಪ್ ಸಾಕು. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡಿನ ರೂನಿ ರೆಡ್ ಕಾರ್ಡ್ ತಿಂದು ಹೊರಗೆ ಹೋದದ್ದು, ರೊನಾಲ್ಡೊ ಬೆಂಚಿನ ಕಡೆ ಕಣ್ಣು ಮಿಟುಕಿಸಿದ್ದು ಎಲ್ಲರಿಗೂ ಗೊತ್ತು. ಆ ಕಣ್ಣಿನ ಬಗ್ಗೆ ಬರೆದಷ್ಟು ಇನ್ಯಾವುದರ ಬಗ್ಗೆಯೂ ಬರೆದಿಲ್ಲ. ರೂನಿ ತುಳಿದದ್ದು ಯಾರನ್ನು? ನೆಲದಲ್ಲಿ ಬಿದ್ದು ಒದ್ದಾಡಿದ್ದು ಯಾರು? ಕರ್ವಾಲೊ. ಎದ್ದು ಮತ್ತೆ ಆಡಿದರು, ಪೆನಾಲ್ಟಿಯಲ್ಲಿ ಪೋರ್ಚುಗಲ್ ಗೆದ್ದಿತು. ನಾಲ್ಕು ದಿನ ಬಿಟ್ಟು ಸೆಮಿಫೈನಲ್. ಫ್ರಾನ್ಸಿನ ಆನ್ರಿ ಪೆನಾಲ್ಟಿ ಚೌಕದೊಳಗೆ ತಿರುಗುವಾಗ ಕರ್ವಾಲೊನ ಕಾಲು ತಾಗಿತು. ಜಿದಾನ್ ಪೆನಾಲ್ಟಿ ಹೊಡೆದರು, 1-0, ಪೋರ್ಚುಗಲ್ ಹೊರಗೆ. ಇಡೀ ಟೂರ್ನಿ ಕಾದವನ ಒಂದು ಕಾಲು, ಒಂದು ಕ್ಷಣ. ಒಂಬತ್ತು ವರ್ಷದ ನಂತರ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಯುವೆಂಟಸ್ ಎದುರು ಹಾಗೇ ಆಯಿತು: ಮೊರಾಟ ಬಿದ್ದರು, ಪೆನಾಲ್ಟಿ ಬಂತು, ಎರಡು ಪಂದ್ಯ ಸೇರಿ ಆದ ಒಂದೇ ಗೋಲಿನಿಂದ ಮೊನಾಕೊ ಸೋತಿತು. ಫಾರ್ವರ್ಡ್ ಹತ್ತು ಅವಕಾಶ ಹಾಳು ಮಾಡಿ ಹನ್ನೊಂದನೆಯದ್ದು ಹೊಡೆದರೆ ಹೆಗಲ ಮೇಲೆ ಹೊರುತ್ತೇವೆ. ಸ್ಟಾಪರ್ ಹತ್ತು ತಡೆದು ಹನ್ನೊಂದನೆಯದ್ದು ಬಿಟ್ಟರೆ ಮನೆ ತನಕ ಬೈಗುಳ ಕೇಳಿಸುತ್ತದೆ. ಎಲ್ಲಾ ಊರಲ್ಲೂ ಲೆಕ್ಕ ಹೀಗೇ.

ಈಗ ನಾವು ಹೇಳಬೇಕಾದ ಭಾಗ. 2011ರ ಆಗಸ್ಟ್ ಕೊನೆ. ಯೂರೋ ಅರ್ಹತಾ ಪಂದ್ಯಕ್ಕೆ ಪೋರ್ಚುಗಲ್ ಸೈಪ್ರಸ್‌ಗೆ ಹೊರಡುವುದಿತ್ತು. ತಾನು ಮೊದಲ ಹನ್ನೊಂದರಲ್ಲಿ ಇಲ್ಲ ಅಂತ ಕರ್ವಾಲೊಗೆ ತಿಳಿಯಿತು. ಆಗ ಅವರಿಗೆ 33 ವರ್ಷ. ಶಿಬಿರದಿಂದ ಯಾರಿಗೂ ಹೇಳದೆ ಎದ್ದು ಹೋದರು. ಇನ್ನು ದೇಶಕ್ಕೆ ಆಡುವುದಿಲ್ಲ ಅಂತ ಘೋಷಣೆಯೂ ಬಂತು. ತರಬೇತುದಾರ ಪಾವ್ಲೊ ಬೆಂತೊ ಅವರನ್ನು ಯುದ್ಧಭೂಮಿ ಬಿಟ್ಟು ಓಡಿದ ಸೈನಿಕನಿಗೆ ಹೋಲಿಸಿದರು. ಫುಟ್‌ಬಾಲ್ ಸಂಸ್ಥೆ ಒಂದು ವರ್ಷ ನಿಷೇಧ ಹಾಕಿತು. 2012ರ ಯೂರೋ, 2014ರ ವಿಶ್ವಕಪ್ ಎರಡೂ ಅವರಿಲ್ಲದೆ ಕಳೆದವು.

ಕರ್ವಾಲೊ ಮಾಡಿದ್ದು ತಪ್ಪು. ಈ ಬಗ್ಗೆ ನಮಗೆ ಎರಡು ಮಾತಿಲ್ಲ. ಬೆಂಚಿನಲ್ಲಿ ಕೂರಿಸಿದರು ಅಂತ ಎಲ್ಲರೂ ಎದ್ದು ಹೋದರೆ ತಂಡ ಅಂತ ಒಂದು ಉಳಿಯುವುದಿಲ್ಲ. ಮನುಷ್ಯ ಸಂತನೂ ಅಲ್ಲ. 2017ರಲ್ಲಿ ಸ್ಪೇನಿನ ತೆರಿಗೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ, ದಂಡ ಎರಡೂ ಕಂಡವರು. ಆದರೆ ಶಿಕ್ಷೆ ಒಂದು ವರ್ಷದ್ದಾಗಿತ್ತು, ಜೀವಮಾನದ್ದಾಗಿರಲಿಲ್ಲ. ಅಲ್ಲೇ ವ್ಯತ್ಯಾಸ.

2014ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ ಸ್ವಂತ ನೆಲದಲ್ಲಿ ಅಲ್ಬೇನಿಯಾ ಎದುರು ಸೋತಿತು, ಬೆಂತೊ ಹೋದರು, ಫೆರ್ನಾಂಡೊ ಸಾಂತೊಸ್ ಬಂದರು. ಬಂದವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, 36 ವರ್ಷದ ಕರ್ವಾಲೊಗೆ ಕರೆ. ಹಳೆಯ ಕಡತ ಬಿಚ್ಚಿ ಕೂರಲಿಲ್ಲ. ಅಕ್ಟೋಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಎದುರು ಪೆಪೆ ಜೊತೆ ಕರ್ವಾಲೊ ನಿಂತರು. ಕೊನೆಯ ಕ್ಷಣದಲ್ಲಿ ರೊನಾಲ್ಡೊ ತಲೆಯಿಂದ ಗೋಲು, 1-0. ಅಲ್ಲಿಂದ ಅರ್ಹತಾ ಸುತ್ತಿನ ಏಳು ಪಂದ್ಯವನ್ನೂ ಪೋರ್ಚುಗಲ್ ಗೆದ್ದಿತು. ಏಳೂ ಒಂದೇ ಗೋಲಿನ ಅಂತರದಲ್ಲಿ! ಒಂದು ಗೋಲಿನಿಂದ ಏಳು ಸಲ ಗೆಲ್ಲಬೇಕಾದರೆ ಹಿಂದೆ ಎಂಥವರು ನಿಂತಿರಬೇಕು ಅಂತ ಯೋಚನೆ ಮಾಡಿ. 2015ರ ಮಾರ್ಚಿನಲ್ಲಿ ಸರ್ಬಿಯಾ ಎದುರು ಕರ್ವಾಲೊ ತಾನೇ ತಲೆಕೊಟ್ಟು ಗೋಲು ಹೊಡೆದರು, ಸ್ವಲ್ಪ ಹೊತ್ತಿನಲ್ಲೇ ಗಾಯವಾಗಿ ಹೊರಗೆ ಬಂದರು.

2016ರ ಯೂರೋ. 38 ವರ್ಷದ ಕರ್ವಾಲೊ ಗುಂಪಿನ ಮೂರೂ ಪಂದ್ಯ ಆಡಿದರು. ಮೂರೂ ಡ್ರಾ, ಕೊನೆಯದರಲ್ಲಿ ಹಂಗೇರಿ ಮೂರು ಗೋಲು ಹೊಡೆಯಿತು. ನಾಕೌಟ್ ಬಂದಾಗ ಸಾಂತೊಸ್ ಅವರನ್ನು ಕೂರಿಸಿ ಝೊಸೆ ಫೊಂಟೆಯನ್ನು ಇಳಿಸಿದರು. ಐದು ವರ್ಷದ ಹಿಂದೆ ಇದೇ ಬೆಂಚಿಗಾಗಿ ಶಿಬಿರ ಬಿಟ್ಟು ಹೋದ ಮನುಷ್ಯ. ಈ ಸಲ ಕೂತರು. ಎಲ್ಲೂ ಹೋಗಲಿಲ್ಲ. ನಾಕೌಟ್‌ನ ನಾಲ್ಕು ಪಂದ್ಯದಲ್ಲಿ ಪೋರ್ಚುಗಲ್ ಬಿಟ್ಟದ್ದು ಒಂದೇ ಗೋಲು, ಜುಲೈ 10ರಂದು ಫ್ರಾನ್ಸನ್ನು ಅದರ ನೆಲದಲ್ಲೇ ಸೋಲಿಸಿ ಕಪ್ ಎತ್ತಿತು. 2004ರಲ್ಲಿ ಸೋತು ಅತ್ತವರ ಪೈಕಿ ಮೈದಾನದಲ್ಲಿ ಕಪ್ ಮುಟ್ಟಲು ಉಳಿದಿದ್ದವರು ರೊನಾಲ್ಡೊ ಮತ್ತು ಕರ್ವಾಲೊ ಇಬ್ಬರೇ. ದೇಶಕ್ಕಾಗಿ ಒಟ್ಟು 89 ಪಂದ್ಯ. 2023ರಲ್ಲಿ ತರಬೇತುದಾರ ರಾಬರ್ಟೊ ಮಾರ್ಟಿನೆಜ್ ಅವರನ್ನು ತಮ್ಮ ಸಹಾಯಕರ ತಂಡಕ್ಕೆ ಸೇರಿಸಿಕೊಂಡರು. ಓಡಿಹೋದವ ಅಂತ ಹೆಸರು ಪಡೆದವರು ಅದೇ ತಂಡದ ಹುಡುಗರಿಗೆ ಹೇಳಿಕೊಡುವವರಾದರು.

ಫೊಂಟೆಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. 2010ರಲ್ಲಿ ಅವರು ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದರು. ದೇಶದ ಅಂಗಿ ಮೊದಲು ಹಾಕಿದ್ದು 30ನೇ ವಯಸ್ಸಿನಲ್ಲಿ. 2021ರಲ್ಲಿ, 37ರಲ್ಲಿ, ನಾಯಕನಾಗಿ ಲಿಲ್ ತಂಡಕ್ಕೆ ಫ್ರಾನ್ಸಿನ ಲೀಗ್ ಗೆದ್ದುಕೊಟ್ಟರು. ನಮ್ಮ ಹತ್ತಿರದ ಕೊಂಡೋಟಿಯ ಅನಸ್ ಎಡತೊಡಿಕ ಕೂಡ ಹಾಗೇ: ಆಟೋ ಓಡಿಸಿದ ಹುಡುಗ, ಭಾರತದ ಪರ ಮೊದಲು ಆಡಿದ್ದು 2017ರಲ್ಲಿ, 30ನೇ ವಯಸ್ಸಿನಲ್ಲಿ. ಸ್ಟಾಪರ್ ಅಡಿಕೆ ಮರದ ಹಾಗೆ, ಫಲಕ್ಕೆ ಬರಲು ವರ್ಷ ಬೇಕು. ಇನ್ನು ಪೋರ್ಚುಗೀಸ್ ಸ್ಟಾಪರ್‌ನಿಂದ ನಮ್ಮ ಕಡೆಯವರೇ ನೊಂದದ್ದೂ ಉಂಟು. 2016ರ ಡಿಸೆಂಬರಿನ ಐಎಸ್‌ಎಲ್ ಫೈನಲ್, ಕೊಚ್ಚಿ. ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಫಿ ತಲೆಯಿಂದ ಗೋಲು ಹೊಡೆದು ಕೇರಳ ಬ್ಲಾಸ್ಟರ್ಸ್‌ಗೆ ಮುನ್ನಡೆ ಕೊಟ್ಟಾಗ ಇಲ್ಲಿ ಮಲೆನಾಡಿನ ಮನೆಗಳಲ್ಲೂ ಕೂಗು ಎದ್ದಿತ್ತು. ಆರೇಳು ನಿಮಿಷದಲ್ಲಿ ಕೋಲ್ಕತ್ತಾದ ಸ್ಟಾಪರ್ ಎನ್ರಿಕೆ ಸೆರೆನೊ ಕಾರ್ನರ್‌ಗೆ ತಲೆಕೊಟ್ಟು ಸಮ ಮಾಡಿದರು. ಪೆನಾಲ್ಟಿಯಲ್ಲಿ ಕೋಲ್ಕತ್ತಾ 4-3. ಆ ರಾತ್ರಿ ನಮ್ಮಲ್ಲಿ ಎಷ್ಟೋ ಜನ ಊಟ ಮಾಡದೆ ಮಲಗಿದ್ದರು.

ಸರಿ, ಈಗ ಆ ಹುಡುಗ. ಹೆಸರು ಬೇಡ, ತಂಡದ ಹೆಸರೂ ಬೇಡ. ಈ ಮೂರು ತಾಲೂಕಿನಲ್ಲಿ ಒಂದರವನು ಅಂದರೆ ಸಾಕು. ಮಾವನ ಒಣಮೀನಿನ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಲೋಡು ಇಳಿಸಿ, ಸಂಜೆ ಮೈದಾನಕ್ಕೆ ಬರುತ್ತಿದ್ದ. ನಾಲ್ಕು ವರ್ಷ ನಮ್ಮ ತಂಡದ ಸ್ಟಾಪರ್. ಒಂದು ದಿನ ತಪ್ಪಿಸಿದವನಲ್ಲ, ಕಪ್ ಕೇಳಿದವನಲ್ಲ. ಎರಡು ವರ್ಷದ ಹಿಂದೆ ಒಂದು ಸೆಮಿಫೈನಲ್‌ಗೆ ಕಮಿಟಿಯವರು ಘಟ್ಟದ ಕೆಳಗಿನಿಂದ ಅತಿಥಿ ಸ್ಟಾಪರ್‌ನನ್ನು ಕರೆಸಿದರು. ಇವನಿಗೆ ಹೇಳಲಿಲ್ಲ. ಬೂಟು ಕಟ್ಟಿ, ಅಂಗಿ ಹಾಕಿ ಮೈದಾನಕ್ಕೆ ಇಳಿಯುವಾಗ "ನೀನು ಇವತ್ತು ಕೂತ್ಕೊ" ಅಂದರು. ಹುಡುಗ ಅಂಗಿ ತೆಗೆದು ಬೆಂಚಿನ ಮೇಲಿಟ್ಟ, ಬೈಕ್ ಹತ್ತಿ ಹೋದ. ನಾವು ಆ ಪಂದ್ಯ ಸೋತೆವು.

ಮರುವಾರ ಸಭೆ. "ತಂಡಕ್ಕೆ ಮರ್ಯಾದೆ ಕೊಡದವನು ಇನ್ನು ಯಾವತ್ತೂ ಬೇಡ" ಅಂತ ತೀರ್ಮಾನ. ಆ ಸಭೆಯಲ್ಲಿ ನಾವೂ ಇದ್ದೆವು. ನಾವೂ ಕೈ ಎತ್ತಿದೆವು. ಸೋತ ಸಿಟ್ಟು ಇತ್ತು, ಅತಿಥಿಗೆ ಕೊಟ್ಟ ದುಡ್ಡಿನ ಸಿಟ್ಟೂ ಇತ್ತು. ಎಲ್ಲಾ ಅವನ ತಲೆಗೆ ಕಟ್ಟಿದೆವು. ಹುಡುಗನನ್ನು ಕರೆದು ಒಂದು ಮಾತು ಕೇಳಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ಲ.

ಮೊನ್ನೆ ಅಂಗಡಿಗೆ ಹೋದಾಗ ಮಾತು ತೆಗೆದೆವು. ತಲೆ ತಗ್ಗಿಸಿ ತಕ್ಕಡಿ ಒರೆಸುತ್ತಾ ಹೇಳಿದ: "ಹೋದದ್ದು ನಂದೇ ತಪ್ಪು ಕಾಕ. ಕೂತ್ಕೊಳ್ಳೋದಕ್ಕೆ ಬೇಜಾರಿರಲಿಲ್ಲ. ಹಿಂದಿನ ದಿನ ಒಂದು ಮಾತು ಹೇಳಿದ್ರೆ ಸಾಕಿತ್ತು." ಇಷ್ಟೇ. ನಮ್ಮ ಮೇಲೆ ಒಂದು ದೂರೂ ಇಲ್ಲ. ಅವನಿಗೆ ಈಗ 24.

ಕೆಲವರು ಹೇಳಬಹುದು, ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆ ಇನ್ನೊಬ್ಬ ಹೋಗುತ್ತಾನೆ ಅಂತ. ಈ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಅದಕ್ಕೇ ನಾವು ಶಿಕ್ಷೆ ಬೇಡ ಎನ್ನುತ್ತಿಲ್ಲ, ಶಿಕ್ಷೆಗೆ ಒಂದು ತಾರೀಖು ಇರಲಿ ಎನ್ನುತ್ತಿದ್ದೇವೆ. ಒಂದು ಪಂದ್ಯಾಟ, ಹೆಚ್ಚೆಂದರೆ ಒಂದು ವರ್ಷ. ಆ ಮೇಲೆ ಬಾಗಿಲು ತೆರೆದಿರಬೇಕು. ಕೂರಿಸುವವನಿಗೆ ಹಿಂದಿನ ರಾತ್ರಿಯೇ ಹೇಳಬೇಕು, ಅದೂ ವಾಟ್ಸ್‌ಆ್ಯಪ್‌ನಲ್ಲಲ್ಲ, ಬಾಯಲ್ಲಿ. ಅತಿಥಿಗೆ ಕೊಡುವ ದುಡ್ಡಿನಲ್ಲಿ ಊರಿನ ಇಬ್ಬರು ಸ್ಟಾಪರ್‌ಗೆ ಒಳ್ಳೆಯ ಬೂಟು ಬರುತ್ತದೆ. ಕಪ್ಪುಗಳ ಸಾಲಿನಲ್ಲಿ ಇನ್ನೊಂದು ಸೇರಿಸುವುದಕ್ಕೂ ಯಾರೂ ಬಡವಾಗುವುದಿಲ್ಲ. ಗೋಲು ಬಿಡದ ಪಂದ್ಯಗಳನ್ನು ಎಣಿಸಿ ಕೊಟ್ಟರಾಯಿತು. ಮನೆಯಲ್ಲಿ ಉಮ್ಮಂದಿರಿಗೆ, ದುಬೈ ದಮ್ಮಾಮಿನಲ್ಲಿರುವ ಉಪ್ಪಂದಿರಿಗೆ ನಮ್ಮ ಕೋರಿಕೆ ಒಂದೇ: ಇವತ್ತು ಸಂಜೆ "ಎಷ್ಟು ಗೋಲು ಹೊಡೆದೆ" ಅಂತ ಕೇಳುವ ಮುಂಚೆ, ಎಲ್ಲಿ ನಿಂತು ಆಡಿದೆ ಅಂತ ಕೇಳಿ.

ಮಳೆ ಬಿಟ್ಟ ಮೇಲೆ ತಂಡದ ಸಭೆ ಇದೆ. ಹುಡುಗನ ಹೆಸರನ್ನು ನಾವೇ ಎತ್ತುವುದು ಅಂತ ತೀರ್ಮಾನಿಸಿದ್ದೇವೆ. ಅವತ್ತು ಎತ್ತಿದ ಕೈ ತಪ್ಪು ಎತ್ತಿದ್ದು ಅಂತ ಎಲ್ಲರ ಎದುರು ಹೇಳುತ್ತೇವೆ. ಅವನ ಬೂಟು ಇನ್ನೂ ಅಂಗಡಿಯ ಹಿಂದಿನ ಅಟ್ಟದಲ್ಲಿದೆ, ಒಂದರ ಲೇಸನ್ನು ಮೀನಿನ ಕಟ್ಟಿಗೆ ಬಿಗಿದಿದ್ದಾನಂತೆ. ಲೇಸು ನಾವು ತಂದುಕೊಡುತ್ತೇವೆ.